ಕಡಲಪಾಚಿಯ ತೆಪ್ಪಕ್ಕೆ ಜೊತೆಬೆಳೆ ಬೇಕು

ತಮಿಳುನಾಡಿನ ರಾಮನಾಥಪುರ ಜಿಲ್ಲೆಯಲ್ಲಿ, ಮಂಡಪಂನಿಂದ ತೊಂಡಿಯ ಕಡೆಗೆ ಚಾಚಿಕೊಂಡ ಪಾಕ್ ಕೊಲ್ಲಿಯ ದಡದಲ್ಲಿ, ಕಡಲಪಾಚಿ ಬೆಳೆಯುವವರ ಲೆಕ್ಕವೆಲ್ಲ ತೆಪ್ಪದಲ್ಲೇ ನಡೆಯುತ್ತದೆ. 12 ಅಡಿ ಉದ್ದ, 12 ಅಡಿ ಅಗಲದ ಬಿದಿರಿನ ಚೌಕಟ್ಟು. ಅದಕ್ಕೆ ಅಡ್ಡಲಾಗಿ 20 ಹಗ್ಗ. ಒಂದೊಂದು ಹಗ್ಗಕ್ಕೂ ಹಸಿ ಪಾಚಿಯ 20 ತುಂಡು. ಹೀಗೆ ಒಂದು ತೆಪ್ಪಕ್ಕೆ ಸುಮಾರು 60 ಕಿಲೋ ಬೀಜ ಹಿಡಿಯುತ್ತದೆ. ದಡದ ನೆರಳಲ್ಲಿ ಕೂತು ಈ ತುಂಡುಗಳನ್ನು ಕಟ್ಟುವವರು ಹೆಚ್ಚಾಗಿ ಹೆಂಗಸರು. 45 ದಿನ ಕಳೆದ ಮೇಲೆ, ಕಡಲು ಒಲಿದಿದ್ದರೆ, ಅದೇ ತೆಪ್ಪದಲ್ಲಿ 240 ಕಿಲೋದ ಆಸುಪಾಸು ಪಾಚಿ ಇರುತ್ತದೆ. ಒಬ್ಬರ ಪಾಲಿಗೆ 45 ತೆಪ್ಪವಿದ್ದರೆ ದಿನಕ್ಕೊಂದರಂತೆ ಕೊಯ್ದು, ಅಂದೇ ಮತ್ತೆ ಬೀಜ ಕಟ್ಟಿ ಬಿಡಬಹುದು. ಗೊಬ್ಬರ ಬೇಡ, ಸಿಹಿನೀರು ಬೇಡ, ಉಳುಮೆ ಬೇಡ. ಕೇಳಿದವರಿಗೆ ಇದಕ್ಕಿಂತ ಒಳ್ಳೆಯ ಬೇಸಾಯ ಯಾವುದಿದೆ ಎನ್ನಿಸುವುದು ಸಹಜ.

ಆದರೆ ಇಷ್ಟನ್ನೇ ನಂಬಿ ಕಡಲಿಗಿಳಿದವರಲ್ಲಿ ಬಹಳಷ್ಟು ಮಂದಿ ನಾಲ್ಕೈದು ವರ್ಷದಲ್ಲಿ ಹಿಂದೆ ಸರಿದಿದ್ದಾರೆ. ಕಾರಣ ತಿಳಿಯಬೇಕಾದರೆ ಒಂದು ತೆಪ್ಪದ ಲೆಕ್ಕವನ್ನು ಕೊನೆಯವರೆಗೂ ಮಾಡಿ ನೋಡಬೇಕು. 240 ಕಿಲೋದಲ್ಲಿ ಮುಂದಿನ ಬಿತ್ತನೆಗೆ 60 ಕಿಲೋ ತೆಗೆದಿಟ್ಟರೆ ಮಾರಲು ಉಳಿಯುವುದು 180 ಕಿಲೋ. ಹಸಿ ಪಾಚಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ. ಒಣಗಿಸಿದರೆ ಹತ್ತು ಕಿಲೋಗೆ ಒಂದು ಕಿಲೋ ಸಿಕ್ಕೀತು, ಅಂದರೆ 18 ಕಿಲೋ. ಒಣಪಾಚಿಗೆ ಕಿಲೋಗೆ 60 ರೂಪಾಯಿ ಸಿಗುತ್ತದೆಂದು ಲೆಕ್ಕಕ್ಕೆ ಹಿಡಿಯೋಣ. ಆ ತೆಪ್ಪ ತಂದದ್ದು 1,080 ರೂಪಾಯಿ. ಇದರಲ್ಲೇ ಬಿದಿರು, ಹಗ್ಗ, ಲಂಗರು, ದೋಣಿಯ ಡೀಸೆಲ್, ಕಟ್ಟುವವರ ಕೂಲಿ ಎಲ್ಲವೂ ಹೊರಡಬೇಕು.

ಈಗ ನೀರು ಬಿಸಿಯಾಗಿ, ಅಥವಾ ಓರೆಮೀನಿನಂಥ ಪಾಚಿ ತಿನ್ನುವ ಮೀನುಗಳು ನುಗ್ಗಿ, ಇಳುವರಿ 144 ಕಿಲೋಗೆ ಇಳಿಯಿತೆನ್ನಿ. ಇಳಿಕೆ ನೂರಕ್ಕೆ 40. ಬೀಜದ 60 ಕಿಲೋ ಮಾತ್ರ ಕಡಿಮೆಯಾಗುವಂತಿಲ್ಲ. ಮಾರಲು 84 ಕಿಲೋ ಹಸಿ ಪಾಚಿ, ಒಣಗಿಸಿದರೆ 8.4 ಕಿಲೋ, ಕೈಗೆ 504 ರೂಪಾಯಿ. ಇಳುವರಿ ಇಳಿದದ್ದು ನೂರಕ್ಕೆ 40, ಆದಾಯ ಹೋದದ್ದು ಅರ್ಧಕ್ಕಿಂತ ಹೆಚ್ಚು. ಸಣ್ಣ ಬೆಳೆಗಾರರನ್ನು ಮುಳುಗಿಸುವುದು ಈ ವ್ಯತ್ಯಾಸವೇ. ಬೀಜಕ್ಕೆಂದು ಇಟ್ಟ ಪಾಲನ್ನೂ ಹೊಟ್ಟೆಪಾಡಿಗೆ ಮಾರಿಕೊಂಡರೆ ಮುಂದಿನ ಸುತ್ತಿಗೆ ತೆಪ್ಪವೇ ಖಾಲಿ.

ಇನ್ನು ಕೊಳ್ಳುವವರ ವಿಚಾರ. ಇಲ್ಲಿ ಬೆಳೆಯುವ ಕಪ್ಪಾಫೈಕಸ್ ಎಂಬ ಕೆಂಪು ಪಾಚಿಯಿಂದ ತೆಗೆಯುವುದು ಕ್ಯಾರಗೀನನ್ ಎಂಬ ಅಂಟು ಪದಾರ್ಥವನ್ನು. ಐಸ್‌ಕ್ರೀಂ ಬೇಗ ಕರಗದಿರಲು, ಚಾಕೊಲೇಟ್ ಹಾಲಿನಲ್ಲಿ ಪುಡಿ ತಳ ಸೇರದಿರಲು, ಟೂತ್‌ಪೇಸ್ಟ್ ಹದವಾಗಿರಲು ಅದನ್ನು ಬಳಸುತ್ತಾರೆ. ಅದನ್ನು ತೆಗೆಯುವ ಕಾರ್ಖಾನೆಗಳು ಬೆರಳೆಣಿಕೆಯವು. ಜಗತ್ತಿನಲ್ಲಿ ಕ್ಯಾರಗೀನನ್‌ಗಾಗಿ ಬೆಳೆಯುವ ಪಾಚಿಯ ಬಹುಪಾಲು ಇಂಡೊನೇಷ್ಯಾ ಮತ್ತು ಫಿಲಿಪ್ಪೀನ್ಸ್‌ನಿಂದ ಬರುತ್ತದೆ, ಬೆಲೆಯನ್ನು ಬಹುಮಟ್ಟಿಗೆ ಚೀನಾದ ಕಾರ್ಖಾನೆಗಳ ಬೇಡಿಕೆ ನಿರ್ಧರಿಸುತ್ತದೆ. 2008ರಲ್ಲಿ ಆ ದ್ವೀಪಗಳಲ್ಲಿ ಬೆಲೆ ದಿಢೀರನೆ ಏರಿ, ಜನ ಸಾಲ ಮಾಡಿ ತೆಪ್ಪ ಕಟ್ಟುವಷ್ಟರಲ್ಲಿ ಕುಸಿದುಹೋಯಿತು. ಮಂಡಪಂನ ಬೆಳೆಗಾರ ಎಷ್ಟೇ ಚೆನ್ನಾಗಿ ಬೆಳೆದರೂ ಆ ಬೆಲೆಯ ಮೇಲೆ ಅವನಿಗೆ ಹಿಡಿತವಿಲ್ಲ.

ಮೂರನೆಯ ತೊಡಕು ಬೀಜದ್ದೇ. ಕಪ್ಪಾಫೈಕಸ್ ನಮ್ಮ ಕಡಲಿನದಲ್ಲ. ಭಾವನಗರದ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕಗಳ ಸಂಶೋಧನಾ ಸಂಸ್ಥೆ 1984ರಲ್ಲಿ ಜಪಾನಿನಿಂದ ತಂದ ಅಲ್ಪಸ್ವಲ್ಪ ಪಾಚಿಯನ್ನು ಸೌರಾಷ್ಟ್ರದ ದಡದಲ್ಲಿ ಬೆಳೆಸಿ, ಆಮೇಲೆ ಮಂಡಪಂಗೆ ತಂದಿತು. 2000ದ ಹೊತ್ತಿಗೆ ಪೆಪ್ಸಿಕೋ ಕಂಪನಿ ಒಪ್ಪಂದದ ಬೇಸಾಯಕ್ಕೆ ಇಳಿದ ಮೇಲೆ ಅದು ಹಳ್ಳಿಹಳ್ಳಿಗೂ ಹಬ್ಬಿತು. ತುಂಡಿನಿಂದ ತುಂಡು ಬೆಳೆಸುವ ಪದ್ಧತಿಯಾದ್ದರಿಂದ ಇಡೀ ಕರಾವಳಿಯ ಬೆಳೆ ಒಂದೇ ತಾಯಿಯ ಮಕ್ಕಳಾಗಿತ್ತು. 2013ರ ನಂತರ ಕಡಲ ನೀರು ಬಿಸಿಯೇರಿದಾಗ ಪಾಚಿ ಬಿಳಿಚಿಕೊಂಡು ಸತ್ತಿತು. ಒಬ್ಬರದು ಹೋದರೂ ಪಕ್ಕದವರದು ಉಳಿಯಿತು ಎನ್ನುವ ಹಾಗಿರಲಿಲ್ಲ. ಎಲ್ಲರ ಬೆಳೆಯೂ ಒಟ್ಟಿಗೇ ಹೋಯಿತು.

ಒಂದೇ ತಳಿ, ಒಂದೇ ಸರಕು, ಒಬ್ಬನೇ ಖರೀದಿದಾರ. ಇಂಥ ಬೇಸಾಯ ಎಷ್ಟು ಅಪಾಯಕಾರಿ ಎಂಬುದನ್ನು ದಕ್ಷಿಣ ಕನ್ನಡ, ಉತ್ತರ ಕನ್ನಡದ ಅಡಿಕೆ ಬೆಳೆಗಾರರಿಗೆ ಹೇಳಿಕೊಡಬೇಕಾಗಿಲ್ಲ. ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿ, ನಡುವೆ ಬಾಳೆ, ಕೊಕ್ಕೋ ನೆಟ್ಟವರು ಅವರು. ಅಲ್ಲೊಂದು ಪಾಠವೂ ಇದೆ. ಮೆಣಸು ಗೆದ್ದದ್ದು ಅದು ಅಡಿಕೆ ಮರವನ್ನೇ ಆಸರೆ ಮಾಡಿಕೊಂಡದ್ದರಿಂದ, ಅದೇ ನೀರು, ಅದೇ ಗೊಬ್ಬರದಲ್ಲಿ ಬದುಕಿದ್ದರಿಂದ, ಅದರ ಮಾರುಕಟ್ಟೆ ಬೇರೆಯೇ ಆಗಿದ್ದರಿಂದ. ಕೊಕ್ಕೋ ಕೂಡ ಅದೇ ನೆರಳಲ್ಲಿ ಬೆಳೆಯಿತು. ಆದರೆ ಕೊಳ್ಳುವವರು ಕೈಬಿಟ್ಟಾಗ, 1980ರ ಸುಮಾರಿಗೆ, ಕಾಯಿ ತೋಟದಲ್ಲೇ ಕೊಳೆಯಿತು. ಕ್ಯಾಂಪ್ಕೊ ಸಹಕಾರ ಸಂಸ್ಥೆ ಖರೀದಿಗೆ ಇಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದ ಮೇಲೆ ಆ ಬೆಳೆಗೆ ನೆಲೆ ಸಿಕ್ಕಿತು.

ಪಾಚಿಯ ಜೊತೆಗೆ ಏನು ಮಾಡಬೇಕೆಂದು ಕೇಳುವವರಿಗೆ ನಾನು ಹೇಳುವುದು ಇದನ್ನೇ. ಹೊಸ ಕಸುಬು ಹಳೆಯದರ ದೋಣಿ, ಲಂಗರು, ಹಗ್ಗ, ಕೈಗಳನ್ನೇ ಬಳಸಿಕೊಳ್ಳುವಂತಿರಬೇಕು. ಆಗ ಅದು ತನ್ನ ಹೆಚ್ಚುವರಿ ಖರ್ಚನ್ನಷ್ಟೇ ದುಡಿದರೆ ಸಾಕು. ಹಾಗೆಯೇ ಪಾಚಿ ಕೈಕೊಟ್ಟ ವರ್ಷ ಅದೂ ಕೈಕೊಡುವಂತಿರಬಾರದು, ಪಾಚಿ ಕೊಳ್ಳುವವನೇ ಅದನ್ನೂ ಕೊಳ್ಳುವಂತಿರಬಾರದು. ಈ ಒರೆಗೆ ಹಚ್ಚಿ ನೋಡಿದರೆ ಸಭೆಗಳಲ್ಲಿ ಉತ್ಸಾಹದಿಂದ ಹೇಳುವ ಹಲವು ಸಲಹೆಗಳು ನಿಲ್ಲುವುದಿಲ್ಲ. ಕೆಲವು ಮಾತ್ರ ಗಟ್ಟಿಯಾಗಿ ನಿಲ್ಲುತ್ತವೆ.

ಗಟ್ಟಿಯಾಗಿ ನಿಂತದ್ದರಲ್ಲಿ ಮೊದಲನೆಯದು ಪಾಚಿಯ ರಸ. ಹಸಿ ಪಾಚಿಯನ್ನು ಒಣಗಿಸಿ ಅದರ ನೀರನ್ನೆಲ್ಲ ಗಾಳಿಗೆ ಬಿಡುವ ಬದಲು ಅರೆದು ಹಿಂಡಿದರೆ ಬೆಳೆಗೆ ಸಿಂಪಡಿಸುವ ದ್ರಾವಣ ಸಿಗುತ್ತದೆ, ಉಳಿದ ಚರಟದಿಂದ ಕ್ಯಾರಗೀನನ್ ತೆಗೆಯಬಹುದು. ಭಾವನಗರದ ಅದೇ ಸಂಸ್ಥೆ ಈ ವಿಧಾನಕ್ಕೆ ಪೇಟೆಂಟ್ ಪಡೆದಿದೆ. ಇಫ್ಕೊ ಮಾರುವ ‘ಸಾಗರಿಕಾ’ ಎಂಬ ದ್ರಾವಣ ಕರ್ನಾಟಕದ ರೈತರಿಗೂ ಗೊತ್ತು. ಅದರಲ್ಲಿ ಪೊಟ್ಯಾಷಿಯಂ ಮತ್ತು ಗಿಡದ ಬೆಳವಣಿಗೆಯನ್ನು ಚುರುಕಾಗಿಸುವ ಅಂಶಗಳಿವೆ. ಅದು ಗೊಬ್ಬರಕ್ಕೆ ಬದಲಿಯಲ್ಲ, ಗೊಬ್ಬರದ ಜೊತೆಗೆ ಬಳಸುವ ಪ್ರಚೋದಕ. ಸಣ್ಣ ಬೆಳೆಗಾರನಿಗೆ ಇದರಿಂದಾದ ದೊಡ್ಡ ಉಪಕಾರವೆಂದರೆ ಹಸಿ ಪಾಚಿಗೇ ಒಂದು ಮಾರುಕಟ್ಟೆ ಸಿಕ್ಕಿದ್ದು. ಕಿಲೋಗೆ ಸಿಗುವ ದರ ಒಣಪಾಚಿಗಿಂತ ಬಹಳ ಕಡಿಮೆಯೇ. ಆದರೆ ಒಣಗಿಸುವ ಎರಡು ಮೂರು ದಿನದ ಕೆಲಸ ತಪ್ಪುತ್ತದೆ, ಮೋಡ ಕವಿದರೆ ಎದೆ ಹೊಡೆದುಕೊಳ್ಳುವ ಸ್ಥಿತಿ ತಪ್ಪುತ್ತದೆ. ಅರೆ ಒಣಗಿದ ಪಾಚಿಯ ಮೇಲೆ ಮಳೆ ಬಿದ್ದರೆ ಸಾರ ತೊಳೆದುಹೋಗಿ ಸರಕಿನ ದರ್ಜೆಯೇ ಕೆಡುತ್ತದೆ. ಬಿಸಿಲಿದ್ದಾಗ ಒಣಗಿಸಿ ಮಾರುವುದು, ಮೋಡವಿದ್ದಾಗ ಹಸಿಯಾಗಿಯೇ ಕೊಡುವುದು ಎಂಬ ಆಯ್ಕೆ ಕೈಯಲ್ಲಿದ್ದರೆ ಅದೇ ಒಂದು ವಿಮೆ. ಹಸಿ ಪಾಚಿ ದೂರ ಸಾಗಿಸುವ ವಸ್ತುವಲ್ಲವಾದ್ದರಿಂದ ಅರೆಯುವ ಘಟಕ ಹತ್ತಿರದಲ್ಲಿರಬೇಕು, ಅಷ್ಟೆ.

ಹಾಗಾದರೆ ಮಹಿಳಾ ಸಂಘವೇ ರಸ ಹಿಂಡಿ ಬಾಟಲಿಗೆ ತುಂಬಿ ಮಾರಬಹುದಲ್ಲ ಎಂದು ಕೇಳುವವರಿದ್ದಾರೆ. ಕೇಂದ್ರ ಸರ್ಕಾರ 2021ರ ಫೆಬ್ರುವರಿಯಲ್ಲಿ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ ತಿದ್ದುಪಡಿ ತಂದು ಇಂಥ ಜೈವಿಕ ಪ್ರಚೋದಕಗಳನ್ನು ಅದರ ವ್ಯಾಪ್ತಿಗೆ ಸೇರಿಸಿದೆ. ನೋಂದಣಿ, ಪ್ರಯೋಗದ ದಾಖಲೆ, ಗುಣಮಟ್ಟದ ಪರೀಕ್ಷೆ ಇಲ್ಲದೆ ಮಾರುವಂತಿಲ್ಲ. ಹತ್ತಿಪ್ಪತ್ತು ಸದಸ್ಯರ ಸಂಘಕ್ಕೆ ಅದು ಭಾರ. ಒಕ್ಕೂಟದ ಮಟ್ಟದಲ್ಲಿ ಆಗಬೇಕಾದ ಕೆಲಸವನ್ನು ಸಂಘದ ತಲೆಗೆ ಕಟ್ಟಬಾರದು.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಭರವಸೆಯದು ಪಾಚಿಯ ಜೊತೆ ಮೀನು. ಕಡಲಲ್ಲಿ ಪಂಜರ ಕಟ್ಟಿ ಕೋಬಿಯಾ ಎಂಬ ಮೀನು ಸಾಕಿದರೆ ಮೀನಿನ ಹಿಕ್ಕೆ, ಉಳಿದ ಮೇವು ಕರಗಿ ನೀರಿನಲ್ಲಿ ಸಾರಜನಕ ಹೆಚ್ಚುತ್ತದೆ. ಮೀನಿಗೆ ಅದು ಕೊಳೆ, ಪಾಚಿಗೆ ಅದೇ ಗೊಬ್ಬರ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಪಾಕ್ ಕೊಲ್ಲಿಯಲ್ಲಿ ಕೋಬಿಯಾ ಪಂಜರದ ಸುತ್ತ ಪಾಚಿಯ ತೆಪ್ಪಗಳನ್ನು ನಿಲ್ಲಿಸಿ ನೋಡಿದಾಗ ತೆಪ್ಪಕ್ಕೆ ಸರಾಸರಿ 320 ಕಿಲೋ ಬಂತು. ಪಂಜರವಿಲ್ಲದ ಕಡೆ ಬಂದದ್ದು 144 ಕಿಲೋ. ಮೇಲೆ ಮಾಡಿದ ಲೆಕ್ಕವನ್ನು ಇಲ್ಲಿಗೂ ಹಚ್ಚಿ. ಬೀಜದ 60 ಕಿಲೋ ಕಳೆದರೆ ಒಂದು ಕಡೆ 84 ಕಿಲೋ, ಇನ್ನೊಂದು ಕಡೆ 260 ಕಿಲೋ. ಇಳುವರಿ ಎರಡು ಪಟ್ಟು ಚಿಲ್ಲರೆ, ಮಾರುವ ಸರಕು ಮೂರು ಪಟ್ಟು. ಮೀನಿನ ಆದಾಯ ಇನ್ನೂ ಈ ಲೆಕ್ಕಕ್ಕೆ ಸೇರಿಲ್ಲ. ಚೀನಾದ ಶಾಂಡಾಂಗ್ ಪ್ರಾಂತ್ಯದ ಸಾಂಗೌ ಕೊಲ್ಲಿಯಲ್ಲಿ ಇದೇ ತತ್ತ್ವ ದಶಕಗಳಿಂದ ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಅಲ್ಲಿ ಬೆಳೆದ ಕೆಲ್ಪ್ ಪಾಚಿಯನ್ನೇ ಅಬಲೋನಿ ಎಂಬ ಬೆಲೆಬಾಳುವ ಚಿಪ್ಪುಜೀವಿಗೆ ತಿನ್ನಿಸುತ್ತಾರೆ, ಅದರ ಹಿಕ್ಕೆ ತಿಂದು ಕಡಲಸೌತೆ ಬೆಳೆಯುತ್ತದೆ.

ಆದರೆ ಪಂಜರಕ್ಕೆ ಹಣ ಬೇಕು, ಮರಿ ಬೇಕು, ಆರೇಳು ತಿಂಗಳು ದಿನವೂ ಮೇವು ಬೇಕು. ಕೋಬಿಯಾ ಮರಿಯನ್ನು ನಮ್ಮ ದೇಶದಲ್ಲೇ ಹುಟ್ಟಿಸುವುದು ಮಂಡಪಂನಲ್ಲಿ 2010ರಲ್ಲಷ್ಟೇ ಸಾಧ್ಯವಾಯಿತು, ಬೇಕೆಂದಾಗ ಬೇಕಷ್ಟು ಸಿಗುವ ಸರಕು ಅದಲ್ಲ. ಒಂದು ಬಿರುಗಾಳಿಗೆ ಬಲೆ ಹರಿದರೆ ಅಷ್ಟೂ ಹಣ ಕಡಲ ಪಾಲು. ಪಾಚಿಯ ತೆಪ್ಪ ಹೋದರೆ ಮತ್ತೆ ಕಟ್ಟಬಹುದು. ಪಂಜರ ಹೋದರೆ ಒಂದು ಕುಟುಂಬ ಏಳಲಾರದು. ಹೀಗಾಗಿ ಪಂಜರವನ್ನು ಒಬ್ಬೊಬ್ಬರೇ ಮಾಡಬಾರದು. ಏಳೆಂಟು ಕುಟುಂಬ ಸೇರಿ ಒಂದು ಪಂಜರ ನಡೆಸಿ, ಅದರ ಸುತ್ತ ತಮ್ಮ ತಮ್ಮ ತೆಪ್ಪಗಳನ್ನು ನಿಲ್ಲಿಸಿಕೊಳ್ಳುವುದು ಸರಿಯಾದ ದಾರಿ.

ಒರೆಗೆ ನಿಲ್ಲುವ ಇನ್ನೊಂದು ಸಲಹೆ ತಳಿಯ ವೈವಿಧ್ಯ. ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದಲ್ಲಿ ಕಪ್ಪಾಫೈಕಸ್ ಹವಳದ ಮೇಲೆ ಹಬ್ಬಿ ಉಸಿರುಗಟ್ಟಿಸುತ್ತಿದೆ ಎಂದು ವಿಜ್ಞಾನಿಗಳು 2008ರಲ್ಲಿ ವರದಿ ಮಾಡಿದರು. ಹೊರಗಿನಿಂದ ಬಂದ ತಳಿಯನ್ನು ಹವಳವಿರುವ ಕಡೆ ಬೆಳೆಸದಿರುವುದು ಬೆಳೆಗಾರರ ಹಿತಕ್ಕೂ ಒಳ್ಳೆಯದು, ಏಕೆಂದರೆ ಹವಳ ಸತ್ತರೆ ಅವರ ಮನೆಯ ಮೀನೂ ಹೋಗುತ್ತದೆ. ನಮ್ಮದೇ ಕಡಲಿನ ಗ್ರಾಸಿಲೇರಿಯಾ ಜಾತಿಯ ಪಾಚಿಗಳಿವೆ. ಅಂಗಡಿಯಲ್ಲಿ ಚೈನಾ ಗ್ರಾಸ್ ಎಂದು ಸಿಗುವ, ಪ್ರಯೋಗಾಲಯಗಳಲ್ಲಿ ಸೂಕ್ಷ್ಮಾಣು ಬೆಳೆಸಲು ಬಳಸುವ ಅಗರ್ ಅವುಗಳಿಂದ ಬರುತ್ತದೆ. ಬೆಳವಣಿಗೆ ನಿಧಾನ, ಆದಾಯವೂ ಕಡಿಮೆ. ಆದರೆ ಕೊಳ್ಳುವ ಕಾರ್ಖಾನೆ ಬೇರೆ, ರೋಗ ಬೇರೆ. ಹತ್ತರಲ್ಲಿ ಎರಡು ತೆಪ್ಪ ಇದಕ್ಕೆ ಮೀಸಲಿಟ್ಟವನು ಒಂದೇ ರೋಗಕ್ಕೆ ಸರ್ವಸ್ವ ಕಳೆದುಕೊಳ್ಳುವುದಿಲ್ಲ. ಬೀಜವನ್ನೇ ಮಾರುವುದೂ ಒಂದು ಕಸುಬು. ಹಿಂಗಾರು ಮಳೆಯ ತಿಂಗಳುಗಳಲ್ಲಿ ಪಾಕ್ ಕೊಲ್ಲಿಯಲ್ಲಿ ಬೇಸಾಯ ನಿಲ್ಲುತ್ತದೆ, ಮತ್ತೆ ಶುರುವಾಗುವಾಗ ಎಲ್ಲರಿಗೂ ಒಟ್ಟಿಗೆ ಬೀಜ ಬೇಕು. ಮರೆಯಿರುವ ನೀರಿನಲ್ಲಿ ನಾಲ್ಕು ತೆಪ್ಪ ಉಳಿಸಿಕೊಂಡವರಿಗೆ ಆ ವಾರಗಳಲ್ಲಿ ಕೇಳಿದ ಬೆಲೆ ಸಿಗುತ್ತದೆ.

ಅಮೆರಿಕದ ಕನೆಕ್ಟಿಕಟ್ ದಡದಲ್ಲಿ ಬ್ರೆನ್ ಸ್ಮಿತ್ ಎಂಬ ಬೆಳೆಗಾರ ಜೊತೆಬೆಳೆಯ ದಾರಿಗೆ ಬಂದದ್ದು ಪೆಟ್ಟು ತಿಂದ ಮೇಲೆ. 2011 ಮತ್ತು 2012ರ ಐರೀನ್, ಸ್ಯಾಂಡಿ ಚಂಡಮಾರುತಗಳಿಗೆ ಅವರ ಸಿಂಪಿ ಬೇಸಾಯ ಮಣ್ಣಲ್ಲಿ ಹೂತುಹೋಯಿತು. ಆಮೇಲೆ ಅವರು ಅದೇ ನೀರಿನಲ್ಲಿ ಮೇಲೆ ಹಗ್ಗಕ್ಕೆ ಕೆಲ್ಪ್ ಪಾಚಿ ಮತ್ತು ನೀಲಿಕಲ್ಲು ಎಂಬ ಚಿಪ್ಪುಜೀವಿ, ನಡುವೆ ಬುಟ್ಟಿಗಳಲ್ಲಿ ಸ್ಕ್ಯಾಲಪ್ ಎಂಬ ಇನ್ನೊಂದು ಚಿಪ್ಪುಜೀವಿ, ತಳದಲ್ಲಿ ಸಿಂಪಿ ಎಂದು ಅಂತಸ್ತಿನ ಬೇಸಾಯ ಕಟ್ಟಿದರು. ಆ ಕಡಲಿನ ಕೆಲ್ಪ್ ಚಳಿಗಾಲದ ಬೆಳೆ. ಉತ್ತರದ ಮೇಯ್ನ್ ರಾಜ್ಯದ ಲಾಬ್‌ಸ್ಟರ್ ಮೀನುಗಾರರು ಬೇಟೆ ಕಡಿಮೆಯಾಗುವ ಚಳಿಯ ತಿಂಗಳಲ್ಲಿ ಅದೇ ದೋಣಿಯಲ್ಲಿ ಹೋಗಿ ಕೆಲ್ಪ್ ಬೆಳೆಯುತ್ತಾರೆ. ಖಾಲಿ ಕೂರುವ ದೋಣಿಗೆ ಕೆಲಸ ಸಿಕ್ಕಿದ್ದೇ ಅಲ್ಲಿನ ಲಾಭದ ಮೂಲ.

ಆಫ್ರಿಕದ ಝಾಂಝಿಬಾರ್‌ನ ಅನುಭವ ನಮಗೆ ಇನ್ನೂ ಹತ್ತಿರದ್ದು. 1989ರಿಂದ ಅಲ್ಲಿ ಪಾಚಿ ಬೆಳೆದು ಮನೆ ನಡೆಸಿದವರು ಬಹುಪಾಲು ಹೆಂಗಸರೇ. ನೀರು ಬಿಸಿಯಾಗಿ ಬೆಲೆಬಾಳುವ ತಳಿ ಸಾಯತೊಡಗಿದಾಗ ಅವರಲ್ಲಿ ಕೆಲವರು ಪಾಚಿಯ ಪುಡಿ, ಸೋಪು ಮಾಡಲು ಕಲಿತರು. ಜಾಂಬಿಯಾನಿ ಹಳ್ಳಿಯಲ್ಲಿ ಕೆಲವರು ಸ್ನಾನಕ್ಕೆ ಬಳಸುವ ಕಡಲ ಸ್ಪಂಜು ಬೆಳೆಸತೊಡಗಿದರು. ಎರಡಕ್ಕೂ ಗಿರಾಕಿಗಳು ಅಲ್ಲಿಗೆ ಬರುವ ಪ್ರವಾಸಿಗರು. ಸೋಪಿನ ಬಗ್ಗೆ ನಮ್ಮಲ್ಲಿ ಇರುವ ಆಸೆಗೆ ಇಲ್ಲೇ ಉತ್ತರವಿದೆ. ಒಂದು ಕಿಲೋ ಸೋಪಿಗೆ ಬೇಕಾಗುವುದು ಚಿಟಿಕೆ ಪಾಚಿಪುಡಿ. ಗೋಕರ್ಣ, ಮುರ್ಡೇಶ್ವರದಂಥ ಕಡೆ ಒಂದೆರಡು ಸಂಘಗಳಿಗೆ ಅದು ಕೈಖರ್ಚಿಗೆ ಆದೀತು. ನೂರು ತೆಪ್ಪದ ಪಾಚಿ ಅದರಿಂದ ಖರ್ಚಾಗದು. ಉಪ್ಪಿನಕಾಯಿ, ಬಿಸ್ಕತ್ತುಗಳ ಮಾತೂ ಅಷ್ಟೇ. ಪಾಚಿ ತಿನ್ನುವ ರೂಢಿ ಇಲ್ಲದ ನಾಡಿನಲ್ಲಿ ಆ ರುಚಿ ಬೆಳೆಸುವ ಹೊರೆಯನ್ನು ಬಡ ಬೆಳೆಗಾರ್ತಿಯರ ಮೇಲೆ ಹೊರಿಸುವುದು ಅನ್ಯಾಯ.

ಈಗ ನಮ್ಮ ಕರಾವಳಿಗೆ ಬರೋಣ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ ಐದು ವರ್ಷದಲ್ಲಿ 11.2 ಲಕ್ಷ ಟನ್ ಕಡಲಪಾಚಿಯ ಗುರಿ ಇಟ್ಟುಕೊಂಡಿತ್ತು. ಅದರ ಹತ್ತಿರಕ್ಕೂ ದೇಶ ತಲುಪಿಲ್ಲ. ತೆಪ್ಪಕ್ಕೆ ಸಹಾಯಧನ ಕೊಡುವ ಉತ್ಸಾಹ ಪಶ್ಚಿಮ ಕರಾವಳಿಗೂ ಬಂದಿದೆ. ಆದರೆ ಪಾಕ್ ಕೊಲ್ಲಿಯ ಲೆಕ್ಕವನ್ನು ಕಾರವಾರಕ್ಕೋ ಮಲ್ಪೆಗೋ ಹಾಗೆಯೇ ಎತ್ತಿ ತರಲಾಗದು. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆ ದಿನಗಳಲ್ಲೂ ಅಲ್ಲಿ ಪಾಚಿಯ ಬೇಸಾಯ ನಡೆಯುತ್ತದೆ, ಹಾಗಾಗಿ ಅಲ್ಲಿ ಪಾಚಿ ಬಿಡುವಿನ ಕಾಲದ ಅನ್ನ. ನಮ್ಮಲ್ಲಿ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ, ಹುಚ್ಚು ಮಳೆಗಾಲದಲ್ಲಿ. ಆಗ ತೆರೆದ ಕಡಲಲ್ಲಿ ಬಿದಿರಿನ ತೆಪ್ಪ ನಿಲ್ಲದು, ಅಳಿವೆಗಳಲ್ಲಿ ನದಿಯ ನೀರು ನುಗ್ಗಿ ಉಪ್ಪೇ ಇರುವುದಿಲ್ಲ. ಅಂದರೆ ಕೈ ಖಾಲಿ ಇರುವಾಗ ನಮ್ಮಲ್ಲಿ ಪಾಚಿಯೂ ಇಲ್ಲ. ನವೆಂಬರಿನಿಂದ ಮೇ ತಿಂಗಳವರೆಗಿನ ಕಾಲವೇ ಅದಕ್ಕೆ ಗತಿ. ಮಳೆಗಾಲದಲ್ಲಿ ಬೀಜ ಉಳಿಸಿಕೊಳ್ಳಲು ದಡದ ಮೇಲೆ ತೊಟ್ಟಿ ಬೇಕು, ಇಲ್ಲವೇ ಪ್ರತಿ ವರ್ಷ ಹೊರಗಿನಿಂದ ತರಬೇಕು.

ಇದಕ್ಕೆ ಸರಿಹೊಂದುವ ಜೊತೆಬೆಳೆ ನಮ್ಮಲ್ಲೇ ಇದೆ. ಕಾಸರಗೋಡಿನ ಪಡನ್ನ, ಚೆರುವತ್ತೂರು ಕಡೆಯ ಹಿನ್ನೀರಿನಲ್ಲಿ ಮಹಿಳಾ ಸಂಘಗಳು 1990ರ ದಶಕದಿಂದಲೂ ಹಗ್ಗಕ್ಕೆ ನೀಲಿಕಲ್ಲಿನ ಮರಿ ಕಟ್ಟಿ ಬೆಳೆಸುತ್ತಿವೆ. ಮಳೆಗಾಲ ಮುಗಿದ ಮೇಲೆ ಇಳಿಬಿಟ್ಟು, ಮುಂದಿನ ಮಳೆ ಬರುವ ಮೊದಲೇ ತೆಗೆಯುವ ಬೆಳೆ ಅದು. ನೀಲಿಕಲ್ಲು ನೀರನ್ನು ಸೋಸಿಯೇ ಹೊಟ್ಟೆ ತುಂಬಿಸಿಕೊಳ್ಳುವುದರಿಂದ ಮೇವಿನ ಖರ್ಚಿಲ್ಲ. ಕೊಳ್ಳುವವರು ಮಂಗಳೂರು, ಕುಂದಾಪುರ, ಕಾರವಾರದ ಮೀನು ಮಾರುಕಟ್ಟೆಗಳಲ್ಲೇ ಇದ್ದಾರೆ, ಚೀನಾದ ಕಾರ್ಖಾನೆಯನ್ನು ಕಾಯಬೇಕಾಗಿಲ್ಲ. ಪಾಚಿಯ ತೆಪ್ಪದ ಪಕ್ಕದಲ್ಲೇ, ಅದೇ ಲಂಗರಿಗೆ, ನೀಲಿಕಲ್ಲಿನ ಹಗ್ಗ ಇಳಿಬಿಡಬಹುದು. ಅಘನಾಶಿನಿಯ ಅಳಿವೆಯಲ್ಲಿ ಚಿಪ್ಪಿ ಆಯ್ದು ಬದುಕುವ ಕುಟುಂಬಗಳಿಗೆ ಈ ಜೀವಿಗಳ ಗುಣ ಪುಸ್ತಕ ಓದಿದವರಿಗಿಂತ ಚೆನ್ನಾಗಿ ಗೊತ್ತು. ಒಂದು ಎಚ್ಚರ ಮಾತ್ರ ಬೇಕು. ನೀರಿನಲ್ಲಿರುವ ವಿಷವನ್ನೂ ಈ ಜೀವಿಗಳು ಸೋಸಿ ಇಟ್ಟುಕೊಳ್ಳುತ್ತವೆ. 1983ರಲ್ಲಿ ಮಂಗಳೂರಿನ ಹತ್ತಿರ ಕುಂಬಳೆ ಅಳಿವೆಯ ಚಿಪ್ಪಿ ತಿಂದವರು ವಿಷಬಾಧೆಗೆ ಒಳಗಾದ ಘಟನೆ ದಾಖಲೆಯಲ್ಲಿದೆ. ಚರಂಡಿ ಸೇರುವ ಕಡೆ ಬೆಳೆಯಬಾರದು, ಮಾರುವ ಮೊದಲು ಶುದ್ಧ ನೀರಿನಲ್ಲಿಟ್ಟು ಒಳಗಿನ ಕೊಳೆ ಕಳೆಯಬೇಕು, ನೀರಿನ ಬಣ್ಣ ಬದಲಾದಾಗ ಪರೀಕ್ಷೆಯಿಲ್ಲದೆ ಕೊಯ್ಲು ಮಾಡಬಾರದು.

ಮಳೆಗಾಲದ ನಾಲ್ಕು ತಿಂಗಳಿಗೆ ಇದಾವುದೂ ಉತ್ತರವಲ್ಲ ಎಂಬುದನ್ನು ಮುಚ್ಚಿಡಬಾರದು. ನೀಲಿಕಲ್ಲೂ ಪಾಚಿಯೂ ಒಂದೇ ಕಾಲದವು. ಚೆನ್ನಾಗಿ ಒಣಗಿಸಿದ ಪಾಚಿ ಮಾತ್ರ ಗೋದಾಮಿನಲ್ಲಿ ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ಮೇ ತಿಂಗಳಲ್ಲಿ ಎಲ್ಲರೂ ಒಟ್ಟಿಗೆ ಮಾರಿ ಬೆಲೆ ಕೆಡಿಸಿಕೊಳ್ಳುವ ಬದಲು ದಾಸ್ತಾನಿಟ್ಟು ಜುಲೈ, ಆಗಸ್ಟ್‌ನಲ್ಲಿ ಮಾರುವ ವ್ಯವಸ್ಥೆ ಇದ್ದರೆ ಮಳೆಗಾಲಕ್ಕೂ ನಾಲ್ಕು ಕಾಸು ಬರುತ್ತದೆ. ಅದಕ್ಕೆ ಬೇಕಾದದ್ದು ಮರಳು ತಾಗದಂತೆ ಎತ್ತರಿಸಿದ ಒಣಗಿಸುವ ಅಟ್ಟ, ತೇವ ಹೊಗದ ಗೋದಾಮು, ದಾಸ್ತಾನಿನ ಮೇಲೆ ಸಾಲ ಕೊಡುವ ಸಹಕಾರ ಸಂಘ. ಸಹಾಯಧನವೆಲ್ಲ ತೆಪ್ಪಕ್ಕೇ ಹೋಗಿ ಇವಕ್ಕೆ ಏನೂ ಉಳಿಯದಿದ್ದರೆ ಎರಡನೆಯ ವರ್ಷ ಆ ತೆಪ್ಪಗಳು ದಡದಲ್ಲಿ ಬಿದ್ದಿರುತ್ತವೆ.

ಈ ಕಸುಬಿಗೆ ಇಳಿಯಬೇಕೆಂದಿರುವ ಸಂಘಗಳಲ್ಲಿ ನನ್ನ ಕೋರಿಕೆ ಇಷ್ಟು. ಯಾರು ಕೊಳ್ಳುತ್ತಾರೆ, ಹಸಿಯೋ ಒಣದೋ, ಯಾವ ದರಕ್ಕೆ ಎಂಬುದು ಕಾಗದದ ಮೇಲೆ ಬರದೆ ಮೊದಲ ಹಗ್ಗ ಕಟ್ಟಬೇಡಿ. ಮೊದಲ ವರ್ಷ ಹತ್ತು ತೆಪ್ಪಕ್ಕಿಂತ ಹೆಚ್ಚು ಬೇಡ, ಅದರ ಪಕ್ಕದಲ್ಲಿ ನೀಲಿಕಲ್ಲಿನ ಕೆಲವು ಹಗ್ಗಗಳಿರಲಿ. ಪಂಜರದ ಯೋಚನೆ ಮೂರನೆಯ ವರ್ಷಕ್ಕಿರಲಿ. ಮೀನುಗಾರಿಕೆ ಇಲಾಖೆಯವರಲ್ಲಿ ಕೇಳುವುದೂ ಇದೆ. ಕಡಲಿನ ಜಾಗಕ್ಕೆ ಪಹಣಿ ಇಲ್ಲ, ಗುತ್ತಿಗೆಯ ಪತ್ರವೂ ಇಲ್ಲದಿದ್ದರೆ ಬ್ಯಾಂಕು ಸಾಲ ಕೊಡುವುದಿಲ್ಲ. ಸಾಂಪ್ರದಾಯಿಕ ಮೀನುಗಾರರು ಬಲೆ ಬೀಸುವ ಜಾಗ ಯಾವುದು, ಬೇಸಾಯಕ್ಕೆ ಬಿಡಬಹುದಾದ ಜಾಗ ಯಾವುದು ಎಂದು ಅವರ ಜೊತೆಯಲ್ಲೇ ಕೂತು ಗುರುತು ಮಾಡಿ, ಕನಿಷ್ಠ ಐದು ವರ್ಷದ ಗುತ್ತಿಗೆಯನ್ನು ಮಹಿಳಾ ಸಂಘಗಳ ಹೆಸರಿಗೆ ಕೊಡಿ. ತೆಪ್ಪದ ಸಹಾಯಧನ ಅದರ ನಂತರ ಬರಲಿ.